ಮುಂದಕ್ಕೆ ಹೋಗದ ಸೈಕಲ್ಲು

ಬೆಳಿಗ್ಗೆ ಎದ್ದ ಕೂಡಲೇ ನಾನು ಮಾಡುವ ಮೊದಲ ಕೆಲಸ ಹೊಸಿಲು ತೊಳೆಯುವುದಲ್ಲ. ಹಾಲು ಕಾಯಿಸುವುದೂ ಅಲ್ಲ. ಮಂಚದ ಪಕ್ಕ ನಿಂತು ನಮ್ಮವರ ಹೊದಿಕೆ ನೋಡುವುದು. ಅದು ಮೇಲಕ್ಕೆ ಹೋಗಬೇಕು, ಕೆಳಕ್ಕೆ ಬರಬೇಕು. ಬಂತೆಂದರೆ ಕಾಫಿಗೆ ನೀರಿಡುತ್ತೇನೆ. ಒಂದು ದಿನ ಅವರು ಎದೆ ಹಿಡಿದುಕೊಂಡು ಕೂತು, ಡಾಕ್ಟರು "ದಿನಾ ಬೆವರು ಬರೋ ಹಾಗೆ ಕಾಲಾಡಿಸ್ಬೇಕು ಮೇಷ್ಟ್ರೇ, ಇಲ್ಲದಿದ್ರೆ ಆಮೇಲೆ ನನ್ನನ್ನ ಕೇಳ್ಬೇಡಿ" ಎಂದಾಗಿನಿಂದ ಶುರುವಾದ ಅಭ್ಯಾಸ ಇದು.

ಆ ದಿನವೂ ನೋಡಿದೆ. ಹೊದಿಕೆ ಅಲ್ಲಾಡಲಿಲ್ಲ. ಬಗ್ಗಿ ನೋಡಿದೆ. ಇಲ್ಲ. ಇನ್ನೂ ಬಗ್ಗಿ ಮೂಗಿನ ಹತ್ತಿರ ಕಿವಿಯಿಟ್ಟೆ.

"ಸತ್ತಿಲ್ಲ ಕಣೇ," ಎಂದಿತು ಹೊದಿಕೆ. "ಹೀಗೆ ದಿನಾ ಮುಖದ ಮೇಲೆ ಬಗ್ಗಿದ್ರೆ ಗಾಬರಿಗೇ ಸಾಯ್ತೀನಿ."

"ಹಾಗಾದ್ರೆ ಎದ್ದು ಮೈದಾನಕ್ಕೆ ಹೋಗಿ ನಡ್ಕೊಂಡು ಬನ್ನಿ."

"ನಡೆಯೋಕೆ ಬಿಡ್ತಾರೇನೆ ಈ ಊರಲ್ಲಿ?"

ಅದೂ ನಿಜವೇ. ನಮ್ಮವರು ಹಾಸನದ ಕಾಲೇಜೊಂದರಲ್ಲಿ ಫಿಸಿಕ್ಸ್ ಮೇಷ್ಟ್ರು. ರಸ್ತೆಗಿಳಿದರೆ ಹೆಜ್ಜೆಗೊಬ್ಬ ಹಳೇ ಶಿಷ್ಯ. "ಯಾಕ್ ಸಾ ನಡ್ಕಂಡ್ ಒಂಟಿದ್ದೀರಾ, ಸ್ಕೂಟ್ರು ಕೆಟ್ಟೋಯ್ತಾ? ಅತ್ತಿ ಸಾ!" ಎಂದು ಬಲವಂತವಾಗಿ ಹಿಂದೆ ಕೂರಿಸಿಕೊಂಡು ಮನೆ ಬಾಗಿಲಿಗೇ ತಂದು ಇಳಿಸುತ್ತಿದ್ದರು. ವಾಕಿಂಗ್ ಹೋದ ನಮ್ಮವರು ಒಮ್ಮೆಯೂ ನಡೆದು ಮನೆಗೆ ಬಂದದ್ದಿಲ್ಲ!

ಹೀಗಾಗಿ ವ್ಯಾಯಾಮದ ಯಂತ್ರವನ್ನು ಮನೆಗೇ ತರುವುದೆಂದು ನಾನು ತೀರ್ಮಾನಿಸಿದೆ. ಬಾಳಿಕೆ ಬರುವಂಥದ್ದು ಬೇಕು. ಯಂತ್ರ ಬಾಳಿದರೆ ಮನುಷ್ಯರೂ ಬಾಳುತ್ತಾರೆ ಎಂಬುದು ನನ್ನ ಲೆಕ್ಕ. ಆಗ ಹಾಸನದಲ್ಲಿ ದಿನಾ ಸಂಜೆ ಕರೆಂಟು ತೆಗೆಯುತ್ತಿದ್ದ ಕಾಲ. ಟ್ರೆಡ್‌ಮಿಲ್ಲಿನ ಓಡುವ ಬೆಲ್ಟಿನ ಮೇಲೆ ನಮ್ಮವರು ಓಡುತ್ತಿರುವಾಗ ಕರೆಂಟು ಹೋದರೆ? ಬೆಲ್ಟು ನಿಲ್ಲುತ್ತದೆ, ಇವರು ನಿಲ್ಲುವುದಿಲ್ಲ. ಎದುರಿಗೆ ಶೋಕೇಸು ಬೇರೆ! ಆದ್ದರಿಂದ ನಿಂತಲ್ಲೇ ತುಳಿಯುವ ಸೈಕಲ್ಲೇ ಸರಿ.

ನಾನು ಓದಿದ ಕಾನ್ವೆಂಟಿನ ಹೊಲಿಗೆ ಸಿಸ್ಟರ್ ಹೇಳಿಕೊಟ್ಟಿದ್ದರು, ಏನನ್ನೇ ಕೊಂಡರೂ ಒಳಮೈ ತಿರುಗಿಸಿ ನೋಡು ಎಂದು. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋಗಿ ಸೀರೆ ಸೆರಗು ಸಿಕ್ಕಿಸಿಕೊಂಡು ಪ್ರತಿ ಸೈಕಲ್ಲಿನ ಕೆಳಗೂ ಬಗ್ಗಿ ನೋಡಿದ್ದೆ. ಪೆಡಲು ಪ್ಲಾಸ್ಟಿಕ್ಕು, ಚಕ್ರ ತಗಡು. ಅಲ್ಲಾಡಿಸಿದರೆ ಬಲಿತ ತೆಂಗಿನಕಾಯಿಯ ಹಾಗೆ ಒಳಗೆ ಏನೋ ಗುಳಗುಳ. "ಜೋರಾಗಿ ತುಳೀಬಾರ್ದು ಮೇಡಂ, ತುಳಿದ್ರೆ ವಾರಂಟಿ ಇಲ್ಲ" ಎಂದಿದ್ದ ಅಂಗಡಿಯವನು. ನೋಡಿಕೊಂಡಿರುವುದಕ್ಕೆ ಮಾತ್ರ ವಾರಂಟಿ!

ಆ ದಿನ ನಮ್ಮವರು ಕಾಲೇಜಿಗೆ ಹೋದ ಮೇಲೆ ಪಕ್ಕದ ಮನೆಯ ಗೌರಮ್ಮ ಕಾಂಪೌಂಡಿನ ಮೇಲಿಂದ ತಲೆ ಹಾಕಿದರು. ಅರಕಲಗೂಡಿನವರು. ಯಜಮಾನರು ರಂಗಪ್ಪ, ಟೆಂಪೋ ಓಡಿಸುತ್ತಾರೆ.

"ಅವ್ವಾ, ಒಳೆನರಸೀಪುರದಾಗೆ ಒಬ್ರು ಶಾಸ್ತ್ರಿಗಳ ಮನೇಲಿ ಬರೀ ಕಬ್ಬಿಣದ ಸೈಕ್ಲು ಐತಂತೆ. ನಮ್ಮೋರು ಕಾಯಿ ಆಕಕ್ಕೆ ಓದಾಗ ನೋಡವ್ರೆ. ಇವತ್ತೂ ಆ ಕಡೆಗೇ ಒಂಟವ್ರೆ, ಓಗ್ಬುಟ್ಟು ಬನ್ನಿ."

ಹೋದೆ. ಟೆಂಪೋದಲ್ಲೇ ಹೋದೆ.

ಶಾಸ್ತ್ರಿಗಳು ಮಿತಭಾಷಿ. ಹಿಂದಿನ ಕೋಣೆಯ ಬಾಗಿಲು ತೆಗೆದು ಪಕ್ಕಕ್ಕೆ ಸರಿದರು. ತಾವು ಮಾತ್ರ ಒಳಗೆ ಬರಲಿಲ್ಲ. ಹೊರಗೆ ಸುಡುಬಿಸಿಲು. ಒಳಗೆ ಕಾಲಿಟ್ಟರೆ ನೆಲ ಬಾವಿಯ ಕಲ್ಲಿನಷ್ಟು ತಣ್ಣಗಿತ್ತು. ಸೂರಿನವರೆಗೆ ಹೊಸ ಹಾಸಿಗೆಗಳ ಸುರುಳಿ. ಗೋಡೆಗೆ ಒರಗಿದ ಕೊಡೆಗಳ ಸಾಲು. ಕಿಟಕಿಯ ಕೆಳಗೆ ಜೋಡಿ ಜೋಡಿ ಚಪ್ಪಲಿ, ಎಲ್ಲದರ ಮೂತಿಯೂ ದಕ್ಷಿಣಕ್ಕೆ. ಅಷ್ಟು ಚಪ್ಪಲಿಯಲ್ಲಿ ಒಂದಕ್ಕಾದರೂ ಮಣ್ಣು ಮೆತ್ತಿರಲಿಲ್ಲ. ಎಳ್ಳಿನ ವಾಸನೆ.

ಎಷ್ಟು ಅಚ್ಚುಕಟ್ಟಾದ ಮನೆ, ಅತಿಥಿಗಳ ಮೇಲೆ ಎಷ್ಟು ಅಕ್ಕರೆ ಎಂದು ನನಗೆ ಮೆಚ್ಚುಗೆಯಾಯಿತು.

"ನಿಮ್ಮಲ್ಲಿ ತುಂಬ ಜನಾನಾ?" ಎಂದೆ.

"ಇದ್ದರು," ಎಂದರು ಶಾಸ್ತ್ರಿಗಳು.

ಮೂಲೆಯಲ್ಲಿ ಸೈಕಲ್ಲು ನಿಂತಿತ್ತು. ಎಮ್ಮೆಯಂಥ ಮೈಕಟ್ಟು. ಬೀಸುವ ಕಲ್ಲಿನ ಗಾತ್ರದ ಚಕ್ರ. ನಾನು ಮಂಡಿಯೂರಿ ಒಳಮೈ ಪರೀಕ್ಷಿಸಿದೆ. ಚೈನಿನಲ್ಲಿ ಸವೆತವಿಲ್ಲ. ಪೆಡಲಿನ ರಬ್ಬರಿನ ಮೇಲೆ ಕಾರ್ಖಾನೆಯ ಅಚ್ಚಿನಲ್ಲಿ ಉಳಿದ ಸಣ್ಣ ಸಣ್ಣ ರಬ್ಬರು ಮೀಸೆಗಳು ಕೂಡ ಹಾಗೇ ಇದ್ದವು. ಹ್ಯಾಂಡಲಿನ ನಡುವೆ ಮಾತ್ರ ಅಂಗೈಯಗಲ ತುಕ್ಕು. ಯಾರೋ ಶ್ರದ್ಧಾವಂತರು ಬೆವರಿಳಿಸಿ ತುಳಿದ ಗುರುತು! ಅಷ್ಟು ತುಳಿದರೂ ಪೆಡಲು ಸವೆದಿಲ್ಲವೆಂದರೆ ಬಾಳಿಕೆ ಇನ್ನೆಂಥದ್ದಿರಬೇಕು? ನನ್ನ ತರ್ಕಕ್ಕೆ ನಾನೇ ತಲೆದೂಗಿದೆ.

"ಏನು ಕೊಡ್ಲಿ?"

"ತೋಚಿದ್ದು ಕೊಡಿ. ತಗೊಂಡು ಹೋದ್ರೆ ಸಾಕು," ಎಂದವರು ಕೊಡೆಯ ಸಾಲಿನಿಂದ ಬೆತ್ತದ ಹಿಡಿಯ ಕೊಡೆಯೊಂದನ್ನು ತೆಗೆದು ಕೈಗಿಟ್ಟರು. "ಇದೂ ಅದರ ಜೊತೆಯದೇ. ಬೇರೆ ಬೇರೆ ಮಾಡಬಾರದು."

ಸೈಕಲ್ಲಿಗೆ ಕೊಡೆ ಉಚಿತ! ಹಾಸನದ ಯಾವ ಅಂಗಡಿಯಲ್ಲಿ ಇಂಥ ಮರ್ಯಾದೆ ಸಿಕ್ಕೀತು?

ಮಧ್ಯಾಹ್ನ ಕಳೆಯುವಷ್ಟರಲ್ಲಿ ರಂಗಪ್ಪ ಅದನ್ನು ನಮ್ಮ ಹಾಲಿನ ಕಿಟಕಿಯ ಪಕ್ಕ ಇಳಿಸಿ, ಸೊಂಟ ಹಿಡಿದುಕೊಂಡು ನಿಂತರು.

"ಒಂದ್ ಮಾತು ಏಳ್ತೀನಿ, ಬ್ಯಾಸರ ಮಾಡ್ಕಬ್ಯಾಡಿ. ಅತ್ತಿಸುವಾಗ ಅಗುರವಾಗಿತ್ತು ಕಣವ್ವ. ಇಳಿಸುವಾಗ ಯಾರೋ ಮ್ಯಾಲೆ ಕುಂತಂಗಾಯ್ತು."

"ಕಬ್ಬಿಣ ಅಲ್ವಾ ರಂಗಪ್ಪ," ಎಂದೆ ಹೆಮ್ಮೆಯಿಂದ.

ಕೊಡೆಯನ್ನು ಸೈಕಲ್ಲಿನ ಪಕ್ಕ ಮೂಲೆಗೆ ಒರಗಿಸಿದೆ.

ಸಂಜೆ ನಮ್ಮವರು ಬಂದರು. ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಪರವಾಗಿಲ್ವೇ, ಗಟ್ಟಿಯಾಗಿದೆ. ಎಲ್ಲಿ ಸಿಕ್ತು?" ಎಂದರು. ನಾನು ಉತ್ಸಾಹದಿಂದ ಕೋಣೆಯ ವರ್ಣನೆ ಶುರುಮಾಡಿದೆ. ಹಾಸಿಗೆ ಎಂದಾಗ ಅವರ ಕೈಯ ಕಾಫಿಲೋಟ ನಿಂತಿತು. ಕೊಡೆ ಎಂದಾಗ ಕೆಳಗಿಳಿಯಿತು.

"ಚಪ್ಪಲೀನೂ ಇದ್ವಾ?"

"ನಿಮಗೆ ಹೇಗೆ ಗೊತ್ತು?"

"ಅಯ್ಯೋ ನಿನ್ನ ಕಾನ್ವೆಂಟಿಗಿಷ್ಟು! ಅದು ಶಯ್ಯಾದಾನದ ಸಾಮಾನು ಕಣೇ! ಯಾರಾದ್ರೂ ಹೋದ್ರೆ, ಅವರಿಗೆ ದಾರೀಲಿ ಅನುಕೂಲ ಆಗ್ಲಿ ಅಂತ ಕರ್ಮ ಮಾಡಿಸೋ ಪುರೋಹಿತರಿಗೆ ಕೊಡೋದು!"

ನಮ್ಮ ತೌರಿನಲ್ಲಿ ಇಂಥ ದಿನ ಹೆಂಗಸರನ್ನು ಅಡುಗೆಮನೆಗೆ ಅಟ್ಟುತ್ತಿದ್ದರು. ದಾನ ಕೊಟ್ಟ ಹಾಸಿಗೆ ಆಮೇಲೆ ಎಲ್ಲಿಗೆ ಹೋಗುತ್ತದೆಂದು ಯಾವ ಸಿಸ್ಟರೂ ಪಾಠ ಮಾಡಿರಲಿಲ್ಲ. ಇವರ ಎದೆ ಗಟ್ಟಿಯಾಗಲಿ ಎಂದು ಹುಡುಕಿ ಹುಡುಕಿ ಸತ್ತವರ ಸಾಮಾನು ತಂದಿದ್ದೆ!

ಅಷ್ಟು ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು.

ಕತ್ತಲು ಇನ್ನೂ ಪೂರ್ತಿ ಇಳಿದಿರಲಿಲ್ಲ. ಕಿಟಕಿಯಿಂದ ಬೂದಿ ಬಣ್ಣದ ಬೆಳಕು. ಬೀದಿಯಲ್ಲಿ ಎಲ್ಲರ ಮನೆಯ ಟಿ.ವಿ. ಒಟ್ಟಿಗೇ ಸುಮ್ಮನಾದಾಗ ಒಂದು ಮೌನ ಬರುತ್ತದಲ್ಲ, ಅದು ಬಂತು. ಆ ಮೌನದಲ್ಲಿ 'ಕಿರ್' ಎಂದಿತು.

ಸೈಕಲ್ಲಿನ ಪೆಡಲು ನಿಧಾನವಾಗಿ ಕೆಳಗಿಳಿಯಿತು. ಇನ್ನೊಂದು ಮೇಲೆ ಬಂತು. ಕಿರ್. ಚಕ್ರ ಉಸಿರೆಳೆದ ಹಾಗೆ ತಿರುಗತೊಡಗಿತು.

"ಜಡತ್ವ," ಎಂದರು ನಮ್ಮವರು. "ಟೆಂಪೋದಲ್ಲಿ ಕುಲುಕಿದೆಯಲ್ಲ. ಚಲನೆ ಉಳ್ಕೊಂಡಿರುತ್ತೆ. ಸಹಜ."

ಚಕ್ರ ನಿಂತಿತು. ಯೋಚಿಸಿತು. ಆಮೇಲೆ ಹಿಂದಕ್ಕೆ ತಿರುಗಿತು.

ಅದಕ್ಕೆ ಫಿಸಿಕ್ಸಿನಲ್ಲಿ ಹೆಸರಿರಲಿಲ್ಲವೇನೋ. "ನಾನು ಸ್ವಲ್ಪ ಅಡ್ಡಾಡ್ಕೊಂಡು ಬರ್ತೀನಿ," ಎಂದು ಚಪ್ಪಲಿ ಸಿಕ್ಕಿಸಿಕೊಂಡು ಹೊರಟೇಬಿಟ್ಟರು! ವಾಕಿಂಗ್ ಎಂದರೆ ಮಂಚ ಹಿಡಿಯುತ್ತಿದ್ದ ಮಹಾನುಭಾವರು, ಕಟ್ಟಿಕೊಂಡ ಹೆಂಡತಿಯನ್ನು ಕಬ್ಬಿಣದ ಜೊತೆ ಬಿಟ್ಟು!

ನಾನು ದೇವರ ಮುಂದೆ ದೀಪ ಹಚ್ಚಿ, ಸೈಕಲ್ಲಿಗೆ ಬೆನ್ನು ಹಾಕದೆ ಅಡ್ಡಡ್ಡ ನಡೆದು ಫೋನಿನ ಹತ್ತಿರ ಹೋದೆ. ರಂಗಪ್ಪ ಬರೆದುಕೊಟ್ಟಿದ್ದ ನಂಬರಿಗೆ ಶಾಸ್ತ್ರಿಗಳೇ ಸಿಕ್ಕರು.

"ಶಾಸ್ತ್ರಿಗಳೇ, ಆ ಸೈಕಲ್ಲು ಯಾರದು?"

"ಸರ್ವೆ ಇಲಾಖೇಲಿದ್ದ ರಾಯರದು. ಗೋತ್ರ ಹೇಳ್ಲಾ?"

"ಬೇಡ ಬೇಡ! ಅವರು ದಿನಾ ತುಳೀತಿದ್ರಾ?"

"ಛೆ ಛೆ, ಒಂದು ದಿನಾನೂ ಹತ್ತಲಿಲ್ಲ. ಎದೆನೋವು ಅಂತ ಮಕ್ಕಳು ತಂದ್ಕೊಟ್ರು. ಅವರು ಅದರ ಮೇಲೆ ಒದ್ದೆ ಪಂಚೆ ಒಣಗ್ಹಾಕೋರು. ಅರಕಲಗೂಡು, ಚನ್ನರಾಯಪಟ್ಟಣದ ಹೊಲಗಳನ್ನೆಲ್ಲ ಕಾಲಲ್ಲೇ ಅಳೆದ ಮನುಷ್ಯ. ಸಂಜೆಯಾದ್ರೆ ಬಿಸಿಲಿರಲಿ ಮಳೆಯಿರಲಿ, ಕೊಡೆ ಹಿಡ್ಕೊಂಡು ಹೊಳೆ ದಂಡೆ ಮೇಲೆ ಹೊರಟುಬಿಡೋರು."

ಹ್ಯಾಂಡಲಿನ ತುಕ್ಕು ಬೆವರಿನದಲ್ಲ. ಪಂಚೆಯದು! ಪೆಡಲು ಸವೆಯದಿದ್ದದ್ದು ಬಾಳಿಕೆಯಿಂದಲ್ಲ. ಯಾರೂ ತುಳಿಯದೆ!

"ಮತ್ತೆ ದಾನಕ್ಕೆ ಯಾಕೆ ಕೊಟ್ರು?"

"ವಾಹನ ಅಂತ ಕೊಟ್ರು. ಹೋದವರಿಗೆ ದಾರಿ ಸಾಗಲಿ ಅಂತ."

"ಅದು ನಿಂತಲ್ಲೇ ತಿರುಗೋದು ಶಾಸ್ತ್ರಿಗಳೇ! ಮುಂದಕ್ಕೇ ಹೋಗಲ್ವಲ್ಲ!"



"ಅದೇ ನೋಡಿ ತೊಂದರೆ," ಎಂದು ಫೋನಿಟ್ಟರು.

ತಿರುಗಿ ನೋಡಿದೆ. ಸೈಕಲ್ಲು ಸುಮ್ಮನೆ ನಿಂತಿತ್ತು. ಸುಮ್ಮನೆ ನಿಂತದ್ದಕ್ಕೇ ಹೆಚ್ಚು ಭಯವಾಯಿತು. ಮೂಲೆಯಲ್ಲಿ ಕೊಡೆ ಇರಲಿಲ್ಲ. ಇವರೇ ತೆಗೆದುಕೊಂಡು ಹೋಗಿರಬೇಕು ಎಂದುಕೊಂಡೆ. ಗಾಬರಿಯಲ್ಲಿ ಮನುಷ್ಯ ಏನು ಹಿಡಿಯುತ್ತಾನೋ ಯಾರು ಬಲ್ಲರು? ನಾನೇ ಆಗ ಒಂದು ಕೈಯಲ್ಲಿ ವಿಭೂತಿ, ಇನ್ನೊಂದರಲ್ಲಿ ಸಾರಿನ ಸೌಟು ಹಿಡಿದಿದ್ದೆ. ಹಾಗೇ ಬಾಗಿಲಾಚೆ ಜಗಲಿಯ ಮೇಲೆ ಕೂತೆ. ಇಷ್ಟು ಹೊತ್ತಾದರೂ ಬರಲಿಲ್ಲವಲ್ಲ, ದಾರಿಯಲ್ಲಿ ಎಲ್ಲಾದರೂ ಎದೆ ಹಿಡಿದುಕೊಂಡು ಕೂತರೆ ಎಂದು ಬೀದಿಯ ತಿರುವನ್ನೇ ನೋಡುತ್ತಿದ್ದೆ.

ಬಂದರು. ಕರೆಂಟೂ ಅವರ ಹಿಂದೆಯೇ ಬಂತು. ಷರ್ಟು ಬೆನ್ನಿಗೆ ಅಂಟಿತ್ತು. ಮುಖ ಕೆಂಪಗೆ, ಕಣ್ಣು ಹೊಳಪಾಗಿ, ಮದುವೆಯಾದ ಹೊಸತರಲ್ಲಿ ಇದ್ದ ಹಾಗೆ.

"ಮೈದಾನ ದಾಟಿ ಸಾಲಗಾಮೆ ರಸ್ತೇಲಿ ತುಂಬ ದೂರ ಹೋಗಿಬಿಟ್ಟೆ ಕಣೇ. ಆಶ್ಚರ್ಯ ಅಂದ್ರೆ ಇವತ್ತು ಒಬ್ಬ ಶಿಷ್ಯನೂ ಗಾಡಿ ನಿಲ್ಲಿಸಲಿಲ್ಲ. ನೋಡಿದ್ರು, ನಮಸ್ಕಾರ ಮಾಡಿ ಹಾಗೇ ಹೊರಟುಹೋದ್ರು. ಎದೆ ಹಗುರಾಗಿದೆ."

"ಕೊಡೆ ಎಲ್ಲಿ?"

"ಯಾವ ಕೊಡೆ? ನಾನು ಬರಿಗೈಲಿ ಹೋದೆನಲ್ಲ."

ಒಳಗೆ ಇಣುಕಿದೆ. ಕೊಡೆ ಮೂಲೆಯಲ್ಲೇ ಒರಗಿತ್ತು. ಅದರ ತುದಿಗೆ ಹಸಿ ಕೆಮ್ಮಣ್ಣು ಮೆತ್ತಿತ್ತು.

ನಾನು ಬಾಯಿ ತೆರೆಯುವ ಮೊದಲೇ ಗೌರಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಲೋಟ ಹಿಡಿದು ಬಂದರು. ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ, ತುಟಿ ಸೊಟ್ಟ ಮಾಡಿದರು.

"ನಿಮಗ್ಯಾಕವ್ವ ಬೇಕಿತ್ತು ಇದು? ನಿಮ್ಮೋರ ಜೊತೆ ಕೊಡೆ ಇಡ್ಕಂಡು ಓಯ್ತಿದ್ರಲ್ಲ, ಆ ವಯಸ್ಸಾದೋರು, ಏನ್ ನಡಿಗೆ ಅಂತೀರಾ! ಮೇಷ್ಟ್ರು ಏದುಸಿರು ಬಿಟ್ಕಂಡು ಇಂದಿಂದೆ ಓಡ್ತಿದ್ರು. ಅಂಥೋರು ಮನೇಗೇ ಬಂದಿರುವಾಗ ಸೈಕ್ಲು ಯಾರಾರ ತತ್ತಾರಾ?"