ಕಾದಂಬರಿ ಕೂಟಕ್ಕೆ ಬಂದ ಗಂಡ

ಕಾದಂಬರಿಯೊಳಗಿನ ಜನರಿಗೆ ಬುದ್ಧಿ ಹೇಳುವಷ್ಟು ಸುಖ ಇನ್ನೊಂದಿಲ್ಲ. ಅವರು ತಿರುಗಿ ಮಾತಾಡುವುದಿಲ್ಲ, ಮಾರನೇ ದಿನ ತರಕಾರಿ ಅಂಗಡಿಯಲ್ಲಿ ಎದುರಾಗಿ ಮುಖ ತಿರುಗಿಸುವುದೂ ಇಲ್ಲ. ಎಂಬತ್ತರ ದಶಕದಲ್ಲಿ ಹಿಂದೂಪುರದ ನಮ್ಮ ಚರ್ಚಿನಲ್ಲಿ ಕಾದಂಬರಿ ಕೂಟ ಶುರುವಾದಾಗ ನನಗೆ ಹಿಡಿಸಿದ್ದು ಈ ಸುಖವೇ. ಭಾನುವಾರ ಆರಾಧನೆ ಮುಗಿದ ಮೇಲೆ ಒಂದಷ್ಟು ಜನ ಹಿಂದಿನ ಕೋಣೆಯಲ್ಲಿ ಕೂತು, ಎಲ್ಲರೂ ಓದಿಕೊಂಡು ಬಂದ ಕಾದಂಬರಿಯ ಪಾಪಪುಣ್ಯ, ನಂಬಿಕೆ, ಕ್ಷಮೆಗಳ ಬಗ್ಗೆ ಮಾತಾಡಬೇಕು. ನಾನು ಹೈಸ್ಕೂಲಿನ ಕನ್ನಡ ಮೇಷ್ಟ್ರು. ಹಾಗಾಗಿ ಅಯ್ಯಗಾರು, ಅಂದರೆ ನಮ್ಮ ಪಾದ್ರಿಗಳು, ಕೂಟ ನಡೆಸುವ ಕೆಲಸವನ್ನು ನನ್ನ ಹೆಗಲಿಗೆ ಹಾಕಿದರು. ಬಾಯಿರುವ ಮೇಷ್ಟ್ರು ಸಿಕ್ಕರೆ ಯಾರು ತಾನೇ ಬಿಡುತ್ತಾರೆ?

ಒಂದು ಸಲದ ಕಾದಂಬರಿಯಲ್ಲಿ ಕುಡುಕ ಗಂಡನ ಏಟು ತಾಳಲಾರದೆ ಹೆಂಡತಿ ಮನೆ ಬಿಟ್ಟು ಹೋಗುತ್ತಾಳೆ. ಪುಸ್ತಕ ಆರಿಸಿದವರು ಅಯ್ಯಗಾರು. ನಮ್ಮ ಕೂಟದಲ್ಲಿ ನರ್ಸ್ ರತ್ನಮ್ಮ ಇದ್ದಾಳೆಂಬುದು ಅವರಿಗೆ ಮರೆತಿತ್ತೋ, ಚೆನ್ನಾಗಿಯೇ ನೆನಪಿತ್ತೋ, ನನಗೆ ಇವತ್ತಿಗೂ ತಿಳಿಯದು. ರತ್ನಮ್ಮ ಗಂಡನ ಏಟಿಗೆ ಮುರಿದ ಕೈಗೆ ಕಟ್ಟು ಹಾಕಿಸಿಕೊಂಡು, ಪುಟ್ಟ ಮಗಳೊಂದಿಗೆ ಕಲ್ಯಾಣದುರ್ಗದ ಗಂಡನ ಮನೆ ಬಿಟ್ಟು ಬಂದು ವರ್ಷವಾಗಿತ್ತು. ಎಲ್ಲರಿಗೂ ಗೊತ್ತಿತ್ತು, ಯಾರೂ ಮಾತೆತ್ತುತ್ತಿರಲಿಲ್ಲ.

ಆ ಭಾನುವಾರ ಕೂಟ ಶುರುಮಾಡಲು ನಾನು ಕನ್ನಡಕ ಒರೆಸಿ, ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ಒಬ್ಬ ಬಂದು ನಿಂತ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ರತ್ನಮ್ಮನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. "ಅವಳ ಗಂಡ, ದಾನಿಯೇಲ" ಎಂದು ನನ್ನ ಹೆಂಡತಿ ಸುಗುಣ ಪಿಸುಗುಟ್ಟಿದಳು.

"ರತ್ನಾನ ಕರ್ಕೊಂಡೋಗಕ್ಕೆ ಬಂದೀನಿ. ನಿಮ್ದು ಮುಗೀಲಿ, ಕೂತ್ಕಂತೀನಿ" ಎಂದು ಅವನು ಬಾಗಿಲಿಗೇ ಅಡ್ಡವಾಗಿ ಕುರ್ಚಿ ಎಳೆದುಕೊಂಡ.

ಅಯ್ಯಗಾರು ನನ್ನ ಮುಖ ನೋಡಿದರು. ನಾನು ಸೂರು ನೋಡಿದೆ. ಸಭೆಯ ಹಿರಿಯ ಪ್ರಕಾಶಪ್ಪನವರೇ ಶುರುಮಾಡಿದರು: "ಅವಳು ಮನೆ ಬಿಟ್ಟಿದ್ದು ತಪ್ಪು. ಸಹಿಸ್ಕಂಡಿದ್ರೆ ಅವನೇ ಸರಿಹೋಯ್ತಿದ್ದ."

"ಅವಳು ಸತ್ತೋದ್ಮೇಲೆ ಸರಿಹೋಗಿ ಏನು ಬಂತಪ್ಪ?" ಎಂದರು ಮುದುಕಿ ಶಾಂತಮ್ಮ.

"ನಾನು ಕಾದಂಬರೀದು ಹೇಳ್ತಿರೋದು ಕಣಮ್ಮ."

"ನಾನೂ ಕಾದಂಬರೀದೇ ಕಣಪ್ಪ."

ಯಾರೂ ನಗಲಿಲ್ಲ. ದಾನಿಯೇಲ ನನ್ನ ಕಡೆ ತಿರುಗಿದ. "ಆ ಗಂಡ ಕಡೀಗೆ ಏನಾಯ್ತಾನೆ ಸಾರ್?"

ಉತ್ತರ ನನಗೆ ಗೊತ್ತಿತ್ತು. ಆದರೆ ಅವನ ಬೆರಳುಗಳು ಕುರ್ಚಿಯ ಕೈಯನ್ನು ಹಿಡಿದಿದ್ದ ರೀತಿ ನೋಡಿ ನನ್ನ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತು. ರತ್ನಮ್ಮನೇ ಹೇಳಿದಳು: "ಏನೂ ಆಗಲ್ಲ. ಅವಳು ಹೋದ್ಮೇಲೆ ಕಥೇಲಿ ಅವನ ಹೆಸರೇ ಬರಲ್ಲ."

"ಅವನು ಹುಡುಕ್ಕೊಂಡು ಬರ್ಲಿಲ್ವಾ?"

"ಇಲ್ಲ."

"ನಾನು ಬಂದೀನಲ್ಲ." ಅವನ ದನಿ ತಗ್ಗಿ ತೆಲುಗಿಗೆ ಹೊರಳಿತು. "ಪದ ರತ್ನಾ, ಪೋದಾಂ."

ನಡಿ, ಹೋಗೋಣ ಎಂಬ ಆ ಮಾತಿನಲ್ಲಿ ಅಂಥ ದೈನ್ಯವಿತ್ತು, ಕಲ್ಲೂ ಕರಗಬೇಕು. ರತ್ನಮ್ಮನ ಕಣ್ಣು ತುಂಬಿತು. ಆದರೆ ಅವಳು ಕನ್ನಡದಲ್ಲೇ ಉತ್ತರಿಸಿದಳು: "ನಾನು ಬರಲ್ಲ. ಈ ಕೈ ಇನ್ನೂ ಮೇಲಕ್ಕೆ ಎತ್ತಕ್ಕಾಗಲ್ಲ. ಮಗೂನ ನೋಡ್ಬೇಕು ಅನ್ನಿಸಿದ್ರೆ ಆರಾಧನೆಗೆ ಬಾ. ಎಲ್ಲಾರ ಮುಂದೆ ನೋಡು."

ಅವನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಶಾಂತಮ್ಮ ಎದ್ದು ರತ್ನಮ್ಮನ ಮುಂದೆ ನಿಂತರು. ಒಂದು ಕ್ಷಣ ಏನು ಬೇಕಾದರೂ ಆಗಬಹುದಿತ್ತು. ಆಗ ಪ್ರಕಾಶಪ್ಪ, ಸಹಿಸಿಕೊಳ್ಳಬೇಕಿತ್ತು ಎಂದ ಅದೇ ಪ್ರಕಾಶಪ್ಪ, ಹೋಗಿ ಅವನ ತೋಳು ಹಿಡಿದರು. "ಅವಳು ಬರಲ್ಲ ಅಂದ್ಳಲ್ಲಪ್ಪ. ನಡಿ, ಬಸ್ ಸ್ಟ್ಯಾಂಡ್ ತನಕ ನಾನೂ ಬತ್ತೀನಿ." ದಾನಿಯೇಲ ತಲೆ ತಗ್ಗಿಸಿ ಅವರ ಜೊತೆ ಹೊರಟ.

ಆಮೇಲೆ ಅವನು ಆಗಾಗ ಆರಾಧನೆಗೆ ಬಂದು ಕೊನೆಯ ಬೆಂಚಿನಲ್ಲಿ ಮಗಳ ಪಕ್ಕ ಕೂರುತ್ತಿದ್ದ. ರತ್ನಮ್ಮ ಮಾತ್ರ ಕಲ್ಯಾಣದುರ್ಗಕ್ಕೆ ಮರಳಲಿಲ್ಲ.

ಆ ಕೂಟ ಆದ ಮುಂದಿನ ಭಾನುವಾರ ಅಯ್ಯಗಾರು ಸಭೆಯ ಮುಂದೆ ನನ್ನನ್ನು ಹೊಗಳಿದರು. ಅಂಥ ಹೊತ್ತಿನಲ್ಲೂ ಮೇಷ್ಟ್ರು ಒಂದು ಮಾತೂ ಆಡದೆ, ಎಷ್ಟು ತಾಳ್ಮೆಯಿಂದ ಕೂಟ ನಡೆಸಿಕೊಟ್ಟರು ಎಂದರು. ನಾನು ವಿನಯದಿಂದ ತಲೆ ಬಾಗಿಸಿದೆ. ಮನೆಗೆ ಬರುವ ದಾರಿಯಲ್ಲಿ ಸುಗುಣ ಕೇಳಿದಳು: "ಹೆದರಿ ಬಾಯಿ ಒಣಗಿದ್ರೆ ಅದನ್ನೂ ತಾಳ್ಮೆ ಅಂತಾರೇನ್ರೀ?"

ಅಂದಿನಿಂದ, ಸಾರಿಗೆ ಉಪ್ಪು ಸಾಲದೆಂದು ನಾನು ಬಾಯಿ ತೆರೆದರೂ ಸಾಕು, "ಸ್ವಲ್ಪ ತಾಳ್ಮೆಯಿಂದ ಊಟ ಮಾಡಿ" ಅನ್ನುತ್ತಾಳೆ.