ನನ್ನ ಗಂಟಲಿನ ಜೀವಕೋಶಗಳ ಅತ್ಯುತ್ಸಾಹದ ಕುರಿತು

ಮಾನ್ಯರೇ,

ತಲೆಮಾರುಗಳಿಂದ ನನ್ನ ಗಂಟಲಿನಲ್ಲಿ ಬಾಡಿಗೆಯ ಮಾತೆತ್ತದೆ ವಾಸವಾಗಿರುವ ಸಮಸ್ತ ಜೀವಕೋಶಗಳ ಸನ್ನಿಧಾನಕ್ಕೆ, ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ವೇಳೆ ಕೂಗಿ ಹೊಟ್ಟೆ ಹೊರೆಯುವ ನಾನು, ಇನ್ನೂ ಒಡಕಾಗಿರುವ ದನಿಯಲ್ಲೇ ಮಾಡಿಕೊಳ್ಳುವ ಅರಿಕೆ.

ಕಳೆದ ತಿಂಗಳು ತಮ್ಮಲ್ಲೊಬ್ಬರ ಮನೆಗೆ ವೈರಸ್ ನುಗ್ಗಿದ್ದು ನಿಜ. ಕೂಡಲೇ ಅವರು ನಡುಮನೆಯಲ್ಲಿ ಬಿಗಿಯಾಗಿ ಸುತ್ತಿಟ್ಟಿದ್ದ ಜೀನೊಂದನ್ನು ಬಿಡಿಸಿ, ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನನ್ನು ತಯಾರಿಸಿ ನೆರೆಯವರಿಗೆ ಕಳಿಸಿದರಂತೆ. ಸುದ್ದಿ ಮುಟ್ಟಿದವರೆಲ್ಲ ನೂರಾರು ಜೀನುಗಳನ್ನು ಒಮ್ಮೆಲೇ ಎಬ್ಬಿಸಿ, ವೈರಸ್ಸಿಗೆ ತನ್ನ ನಕಲು ತೆಗೆಸಲು ಆಳು ಸಿಗದಿರಲೆಂದು ತಮ್ಮ ನಿತ್ಯದ ತಯಾರಿಕೆಗೂ ಕಡಿವಾಣ ಹಾಕಿದರಂತೆ. ಇದನ್ನು ತಿಳಿಸಿದವಳು ವೈರಸ್ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನ್ನ ತಂಗಿ. ಇಂಥ ಒಗ್ಗಟ್ಟನ್ನು ನಮ್ಮ ಬೀದಿಯ ನೀರಿನ ಪೈಪು ಒಡೆದಾಗಲೂ ಕಾಣದ ನಾನು ತಮ್ಮನ್ನು ಅಭಿನಂದಿಸುತ್ತೇನೆ. ಆದರೆ ಇಲಿಗೆ ಹೆದರಿ ಮನೆಗೇ ಬೆಂಕಿ ಹಚ್ಚಿದಂತೆ ನನಗೆ ಜ್ವರ ಏರಿತು, ಮೈಕೈ ಮುರಿದಂತಾಯಿತು, ದನಿ ನಾಪತ್ತೆಯಾಯಿತು. ನನ್ನ ಜಾಗದಲ್ಲಿ ಮೈಕು ಹಿಡಿದ ಗುಮಾಸ್ತರು ಉತ್ತರಕ್ಕೆ ಹೋಗುವವರನ್ನು ದಕ್ಷಿಣದ ಬಸ್ಸು ಹತ್ತಿಸಿದ ಪುಣ್ಯವೂ ತಮ್ಮದೇ.

ಅದೇ ವೈರಸ್ ನನ್ನಿಂದ ಬಡಗಿಯಾದ ಅಣ್ಣನಿಗೂ ದಾಟಿತು. ಅವನ ಮರ್ಯಾದಸ್ಥ ಕೋಶಗಳು ಚಕಾರವೆತ್ತಲಿಲ್ಲ. "ಏನೇ, ಇಷ್ಟಕ್ಕೆಲ್ಲ ಮಲಗೋದಾ? ನಾಟಕ. ನನ್ನ ನೋಡು, ಎರಡು ಬಾಗಿಲು ಕೂರಿಸಿ ಬಂದೆ," ಎಂದು ನನ್ನ ಕೋಣೆಯ ಹೊಸ್ತಿಲಲ್ಲಿ ನಿಂತು ನಕ್ಕ. ಅಂದು ನಾನು ತಮ್ಮನ್ನು ಮನಸಾರೆ ಶಪಿಸಿ, ಅವನ ಕೋಶಗಳನ್ನು ನನ್ನ ಗಂಟಲಿಗೆ ವರ್ಗ ಮಾಡಿಸಬಾರದೇ ಎಂದು ಹಂಬಲಿಸಿದೆ.

ಆ ವಾರ ಮುಗಿಯುವುದರೊಳಗೆ, ಹಲಗೆಗೆ ರಂದ ಹೊಡೆದು ನುಣುಪು ಮಾಡುತ್ತಿದ್ದ ಅಣ್ಣ ಉಸಿರು ಸಿಗದೆ ಕುಸಿದ. ಆಸ್ಪತ್ರೆಯ ಬೆಂಚಿನಲ್ಲಿ ತಂಗಿ ಹೇಳಿದಳು: "ವೈರಸ್ಸು ಅವನ ಕೋಶಗಳ ಬಾಯಿ ಕಟ್ಟಿಬಿಟ್ಟಿತ್ತು, ಅಕ್ಕ. ಕೂಗಬೇಕಾದಾಗ ಕೂಗಲಿಲ್ಲ. ಈಗ ಶುರು ಮಾಡಿವೆ, ನಿಲ್ಲಿಸೋಕೆ ಆಗ್ತಿಲ್ಲ. ಅದಕ್ಕೇ ಶ್ವಾಸಕೋಶ ಊದಿಕೊಂಡಿದೆ." ಪಾಠ ಹೇಳುವ ದನಿಯಲ್ಲೇ ಆರಂಭಿಸಿದವಳು ಕೊನೆಯ ಮಾತಿಗೆ ಅತ್ತುಬಿಟ್ಟಳು. ಸಮಾಧಾನ ಹೇಳಲು ನನಗೆ ದನಿಯಿರಲಿಲ್ಲ. ಅವಳ ಕೈ ಹಿಡಿದು ಕೂತೆ.

ಆ ಗದ್ದಲ ಅಡಗಿಸುವ ಔಷಧಿ ಹಿಡಿಯಿತು. ಅಣ್ಣ ಮನೆಗೆ ಬಂದು, ನಮ್ಮ ಅಡುಗೆಗೆ ಹೆಸರಿಡುವಷ್ಟು ಚೇತರಿಸಿಕೊಂಡಿದ್ದಾನೆ. ಕೂಗದ ಕೋಶಗಳ ಪಾಡು ಕಂಡ ಮೇಲೆ, ತಾವು ಕೂಗಿದಿರೆಂಬ ದೂರನ್ನು ನಾಚಿಕೆಯಿಂದಲೇ ಹಿಂದೆಗೆದುಕೊಂಡಿದ್ದೇನೆ. ಉಳಿದಿರುವುದು ನಿಲ್ಲಿಸಲು ಮಾಡಿದ ತಡದ ದೂರು. ಜೀನುಗಳನ್ನು ಎಬ್ಬಿಸುವಾಗಲೇ ಅವನ್ನು ಮಲಗಿಸುವ ಜೀನುಗಳನ್ನೂ ತಾವು ಎಬ್ಬಿಸುತ್ತೀರಂತೆ, ಹೊರಡಿಸಿದ ಆಜ್ಞೆಗಳನ್ನು ಬೇಗನೆ ಹರಿದುಹಾಕುತ್ತೀರಂತೆ. ಇಷ್ಟೆಲ್ಲ ಏರ್ಪಾಡಿದ್ದೂ ಕಳ್ಳ ಊರು ಬಿಟ್ಟ ಮೇಲೆ ನಾನೇಕೆ ಕೆಮ್ಮುತ್ತಿದ್ದೇನೆ? ಇನ್ನು ಮುಂದೆ ನನ್ನ ಪಾಳಿ ನೋಡಿಕೊಂಡು ರಜೆಯ ದಿನ ಮಾತ್ರ ಜ್ವರ ಬರಿಸಬೇಕೆಂದೂ, ಬಿಡುವಾದಾಗ ಅಣ್ಣನ ಕೋಶಗಳಿಗೆ ಹೊತ್ತಿಗೆ ಸರಿಯಾಗಿ ಬಾಯಿಬಿಡುವುದನ್ನು ಕಲಿಸಿಕೊಡಬೇಕೆಂದೂ ಪ್ರಾರ್ಥಿಸುತ್ತೇನೆ.

ಬೇರೆ ದಾರಿಯಿಲ್ಲದೆ ತಮ್ಮ ವಿಶ್ವಾಸಿ,
ಗಂಟಲಿನ ಒಡತಿ

ಮರೆತ ಮಾತು: ನಿನ್ನೆ ಮರದ ಹೊಟ್ಟು ಮೂಗಿಗೆ ಹೋಗಿ ಅಣ್ಣ ಒಮ್ಮೆ ಸೀನಿದ. ಯಾರೂ ಹೇಳದೆ ತಾನೇ ಹೋಗಿ ಕಂಬಳಿ ಹೊದ್ದು ಮಲಗಿದ. ಅವನಿಗೆ ಒಂದೇ ಪೆಟ್ಟಿಗೆ ಬುದ್ಧಿ ಬಂತು. ಕೋಟ್ಯಂತರ ವರ್ಷಗಳ ಅನುಭವವಿರುವ ತಾವು ನಿಧಾನವಾಗಿ ಯೋಚಿಸಿ.