ಕೆರೆಯ ಕೆಳಗಿನ ಚೌಳು ಗದ್ದೆ

ಮಣ್ಣು ಪರೀಕ್ಷೆಯ ಕೆಲಸ ಮಾಡುವವನ ಸುತ್ತ ಏನಾದರೊಂದು ತಮಾಷೆ ನಡೆಯುತ್ತಲೇ ಇರುತ್ತದೆ. ಮಣ್ಣು ತನ್ನ ಪಾಡಿಗೆ ತಾನು ಬಿದ್ದಿರುತ್ತದೆ, ಆದರೆ ಅದರ ಸುತ್ತ ನಿಂತ ಜನ ಹಾಗಿರುವುದಿಲ್ಲ. ನಾನು ಈ ಕೆಲಸಕ್ಕೆ ಸೇರಿದ್ದು ಅರವತ್ತರ ದಶಕದ ಕೊನೆಯಲ್ಲಿ. ಕೆಲಸ ಎಂದರೆ ಏನು ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗಲಿಕ್ಕಿಲ್ಲ. ಹೊಲಗದ್ದೆಗಳಲ್ಲಿ ಗುಂಡಿ ತೋಡಿಸಬೇಕು, ಒಳಗಿಳಿದು ಪದರ ಪದರವಾಗಿ ಮಣ್ಣು ಕೆರೆಯಬೇಕು, ಪೊಟ್ಟಣ ಕಟ್ಟಬೇಕು, ಪೊಟ್ಟಣದ ಮೇಲೆ ನಂಬರು ಬರೆಯಬೇಕು. ನಾನು ಇಲ್ಲಿಯವರೆಗೆ ಬರೆದದ್ದು ಆ ನಂಬರುಗಳನ್ನು ಮಾತ್ರ. ಆದ್ದರಿಂದ ಎಲ್ಲಾದರೂ ಹೆಚ್ಚು ವಿವರಿಸಿದ್ದರೆ ಓದುವವರು ಕ್ಷಮಿಸಬೇಕು.

ಇಲ್ಲಿ ಹೇಳುವುದೆಲ್ಲ ಒಂದೇ ಗದ್ದೆಯ ಸಂಗತಿ. ಕೃಷ್ಣರಾಜಪುರದ ಕಡೆ, ಒಂದು ಕೆರೆ ಏರಿಯ ಕೆಳಗೆ, ಅರ್ಧ ಎಕರೆ. ಈಗ ಬಸ್ಸಿನಲ್ಲಿ ಆ ಕಡೆ ಹೋದರೆ ಏರಿಯೇ ಕಾಣಿಸುವುದಿಲ್ಲ. ಆದರೂ ಅಲ್ಲಿಗೆ ಬಂದ ಕೂಡಲೇ ನನ್ನ ಕತ್ತು ತಾನಾಗಿ ಹೊರಳುತ್ತದೆ.

1. ಸಾಹೇಬರಿಗೆ ಹಿಡಿಸಿದ ಗುಂಡಿ

ಗದ್ದೆ ಒಬ್ಬ ಅಜ್ಜಿಯದು. ಗಂಡ ತೀರಿಕೊಂಡಿದ್ದರು. ಅವರ ಕಾಲದಲ್ಲಿ ಅಲ್ಲಿ ಒಂದು ಸಣ್ಣಕ್ಕಿಯ ಭತ್ತ ಬೆಳೆಯುತ್ತಿತ್ತಂತೆ. ಆಮೇಲೆ ರಸ್ತೆ ಎತ್ತರಿಸಿದಾಗ ಹಳೆಯ ಬಸಿಗಾಲುವೆ ಮುಚ್ಚಿಹೋಯಿತು. ಕೆರೆಯಿಂದ ಒಸರಿದ ನೀರಿಗೆ ಹೋಗಲು ದಾರಿಯಿಲ್ಲ. ನೀರು ನಿಂತು, ಬಿಸಿಲಿಗೆ ಆರಿ, ಅದರಲ್ಲಿದ್ದ ಉಪ್ಪು ಮಾತ್ರ ಉಳಿದು ಉಳಿದು ನೆಲ ಚೌಳಾಯಿತು. ಚೌಳು ನೆಲ ಎಂದರೆ ಒದ್ದೆಯಾದಾಗ ಸೋಪಿನಂತೆ ಜಾರುತ್ತದೆ, ಒಣಗಿದಾಗ ಗುದ್ದಲಿಯನ್ನೇ ಮೊಂಡು ಮಾಡುತ್ತದೆ. ಇದಕ್ಕೆ ಕಾರಣ ಸೋಡಿಯಂ. ಅಡುಗೆಯ ಉಪ್ಪಿನಲ್ಲಿ ಇರುವುದೂ ಅದೇ. ಅದು ಹೆಚ್ಚಾದರೆ ಮಣ್ಣಿನ ಕಣಗಳು ಬಿಡಿಬಿಡಿಯಾಗಿ, ಸಂದುಗಳೆಲ್ಲ ಕಟ್ಟಿಕೊಂಡು, ನೀರು ಕೆಳಗೆ ಇಳಿಯುವುದೇ ಇಲ್ಲ.

ನಮ್ಮ ಸಾಹೇಬರು ಗುಂಡಿಯೊಳಗೆ ಇಳಿದರು. ಮೇಲಿನ ತೆಳು ಪದರದ ಕೆಳಗೆ ಜೇಡಿಮಣ್ಣು ಸಾಲಾಗಿ ಕಂಬಗಳಂತೆ ನಿಂತಿತ್ತು. ಕಂಬಗಳ ತಲೆ ದುಂಡಗೆ, ಬೋಳಿಸಿದಂತೆ. ಅದರ ಕೆಳಗೆ ಬೂದಿನೀಲಿ ಮಣ್ಣು, ನಡುನಡುವೆ ತುಕ್ಕಿನ ಚುಕ್ಕೆ, ಜೊತೆಗೆ ಕೊಳೆತ ಮೊಟ್ಟೆಯ ವಾಸನೆ. ಗಾಳಿಯಾಡದೆ ನೀರು ನಿಂತ ಜೌಗಿನ ಗುರುತು ಅದು. ನಾನು ಮೂಗು ಮುಚ್ಚಿಕೊಂಡೆ. ಸಾಹೇಬರ ಮುಖ ಅರಳಿತು.

"ಅಬ್ಬಬ್ಬಾ, ಏನ್ ಕಂಬ ರೀ! ಬ್ಯೂಟಿಫುಲ್! ಪುಸ್ತಕದಲ್ಲಿ ನೋಡಿದ್ದೆ ಅಷ್ಟೇ."

ಅಜ್ಜಿ ಗುಂಡಿಯ ಅಂಚಿನಲ್ಲಿ ಕೂತು ಬಗ್ಗಿ ನೋಡಿದರು. "ಏನಂತೆ? ನೆಲ ವಾಸಿಯಾಗಿದ್ಯಂತಾ?"

"ಇಲ್ಲ ಅಜ್ಜಿ," ಎಂದೆ. "ಇಷ್ಟು ಚೆನ್ನಾಗಿ ಕೆಟ್ಟಿರೋ ನೆಲ ನೋಡೋಕೆ ಸಿಗೋದೇ ಅಪರೂಪ ಅಂತ ಸಾಹೇಬರಿಗೆ ಸಂತೋಷ."

ಅಷ್ಟರಲ್ಲಿ ಅಜ್ಜಿಯ ಮಗ ಸೈಕಲ್ಲಿನಲ್ಲಿ ಬಂದ. ವಿಮಾನಪುರದ ಕಾರ್ಖಾನೆಯಲ್ಲಿ ಫಿಟ್ಟರ್. ಬೆಳಗಿನ ಶಿಫ್ಟ್ ಮುಗಿಸಿ ಹಾಗೇ ಬಂದಿದ್ದ. "ಅಮ್ಮ, ಇದು ಸ್ಕ್ರ್ಯಾಪ್. ರಿಪೇರಿ ಆಗಲ್ಲ. ಸೈಟ್ ಮಾಡೋರು ಕೇಳ್ತಿದ್ದಾರೆ, ಕೊಟ್ಬಿಡೋಣ."

"ಒಂದು ಬೆಳೆ ನೋಡಿ ಕೊಡ್ತೀನಿ. ಬೀಜ ನನ್ನ ತವರಲ್ಲಿ ಇನ್ನೂ ಇದೆ. ಆ ಅನ್ನ ಬೇಯ್ತಿದ್ರೆ ಏರಿ ಮೇಲೆ ಹೋಗೋರು ನಿಂತ್ಕೊಂಡು, ಯಾರ ಮನೇಲಿ ಹಬ್ಬ ಅಂತ ಕೇಳ್ತಿದ್ರು ಕಣೋ."

ಮಗ ನಕ್ಕ. "ಆಯ್ತು, ಪಂದ್ಯ. ಈ ವರ್ಷ ಈ ಗದ್ದೆ ಅಕ್ಕೀಲಿ ನಮ್ಮನೆಯವರೆಲ್ಲ ಒಂದು ಹೊತ್ತು ಹೊಟ್ಟೆ ತುಂಬ ಉಂಡ್ರೆ ಮಾರೋ ಮಾತು ಎತ್ತಲ್ಲ. ಹಸಿದವರು ಒಬ್ಬರಿಗೆ ಸಾಲ್ದೇ ಬಂದ್ರೂ ನೀನು ಹೆಬ್ಬೆಟ್ಟು ಒತ್ತಬೇಕು. ಈ ಸಾರೇ ಸಾಕ್ಷಿ."

ಸಾರ್ ಎಂದರೆ ನಾನು. ನನ್ನನ್ನು ಅಲ್ಲಿಯವರೆಗೆ ಯಾರೂ ಸಾರ್ ಎಂದಿರಲಿಲ್ಲ, ಆದ್ದರಿಂದ ಕೂಡಲೇ ಒಪ್ಪಿಕೊಂಡೆ.

ಸಾಹೇಬರು ಇನ್ನೂ ಗುಂಡಿಯೊಳಗೇ ಇದ್ದರು, ಕಂಬಗಳನ್ನು ಸವರುತ್ತ. ಅಜ್ಜಿ ಅವರನ್ನು ನೋಡಿ ನನ್ನ ಕಿವಿಯಲ್ಲಿ ಹೇಳಿದರು: "ಪಾಪ, ಅಷ್ಟು ಇಷ್ಟ ಆಗಿದ್ರೆ ಎರಡು ಕಂಬ ಮನೆಗೆ ತಗೊಂಡು ಹೋಗೋಕೆ ಹೇಳಪ್ಪ, ಹೆಂಡ್ತಿಗೂ ತೋರಿಸ್ಲಿ."

2. ನಾಲ್ಕನೇ ನಂಬರು

ನಾನಾಗ ಜೋಗುಪಾಳ್ಯದ ಒಂದು ವಠಾರದಲ್ಲಿ ಒಂಟಿ ಕೋಣೆಯಲ್ಲಿದ್ದೆ. ಹೂಕುಂಡ ಇಡುವಷ್ಟು ಮಣ್ಣೂ ನನ್ನದೆಂದು ಇರಲಿಲ್ಲ, ಊರವರ ಮಣ್ಣು ಮಾತ್ರ ಕೋಣೆ ತುಂಬ. ತಂದ ಮಣ್ಣನ್ನು ನೆರಳಿನಲ್ಲಿ ಒಣಗಿಸಬೇಕು ಎಂಬುದು ನಿಯಮ. ಅಜ್ಜಿಯ ಗದ್ದೆಯ ಐದು ಪೊಟ್ಟಣಗಳನ್ನು ಬಿಚ್ಚಿ, ಹಿತ್ತಲ ಸೂರಿನ ಕೆಳಗೆ ಪೇಪರಿನ ಮೇಲೆ ಹರಡಿ, ಒಂದೊಂದರ ಪಕ್ಕ ನಂಬರಿನ ಚೀಟಿ ಇಟ್ಟು ಆಫೀಸಿಗೆ ಹೋದೆ.

ಸಂಜೆ ಬಂದಾಗ ನಾಲ್ಕನೇ ಪೇಪರು ಬರಿದಾಗಿತ್ತು. ನಾಲ್ಕನೇ ನಂಬರು ಎಂದರೆ ಗದ್ದೆಯ ಮೇಲೆ ಬಿಳಿ ಪುಡಿ ಕಟ್ಟಿದ್ದ ಜಾಗದ ಮಣ್ಣು. ಮನೆ ಒಡತಿ ತಮಿಳಿನವರು, ನಲ್ಲಿಯ ಹತ್ತಿರ ಕೂತಿದ್ದರು. ಅವರ ಸುತ್ತ ಹಿತ್ತಾಳೆ ಪಾತ್ರೆಗಳು, ನನ್ನ ಮುಖ ಕಾಣುವಷ್ಟು ಹೊಳಪು.

"ಅಮ್ಮಾ, ಅದು ಸರ್ಕಾರಿ ಮಣ್ಣು!"

"ಸರ್ಕಾರ ಒಂದಾದ್ರೂ ಒಳ್ಳೇ ಸಾಮಾನು ಕೊಡ್ತಲ್ಲಪ್ಪಾ," ಎಂದರು. "ಒಂದು, ಎರಡು, ಮೂರು ಎಲ್ಲಾ ಹಾಕಿ ತಿಕ್ಕಿ ನೋಡ್ದೆ, ವೇಸ್ಟ್. ನಾಲ್ಕು ಮಾತ್ರ ಪ್ರಮಾದಂ, ಫಸ್ಟ್ ಕ್ಲಾಸ್! ನಾಳೆಯಿಂದ ಬರೀ ನಾಲ್ಕೇ ತಾ. ಅಷ್ಟು ದೂರದಿಂದ ಮಿಕ್ಕಿದ್ದು ಯಾಕೆ ಸುಮ್ನೆ ಹೊರ್ತೀಯಾ?"

ನಾಲ್ಕನೆಯದನ್ನು ಮತ್ತೆ ತಂದು ಒಣಗಿಸಿ ಕಳಿಸಿದೆ. ಆಮೇಲೆ ಪ್ರಯೋಗಾಲಯದಿಂದ ವರದಿ ಬಂತು. ಒಗೆಯುವ ಸೋಡಾ ತುಂಬಿರುವುದು ನಾಲ್ಕರಲ್ಲೇ ಎಂದು ಐದಾರು ಪುಟ ಇತ್ತು. ಒಡತಿ ಒಂದೇ ಮಾತಿನಲ್ಲಿ ಹೇಳಿದ್ದೂ ಅದೇ.

3. ಕತ್ತೆಯ ಮಾಲೀಕ

ಬಿಳಿ ಪುಡಿಯ ಬೆಲೆ ಗೊತ್ತಿದ್ದ ಇನ್ನೊಬ್ಬ ಹಲಸೂರಿನ ಅಗಸ. ಹಿಂದೆ ಬಟ್ಟೆ ಒಗೆಯಲು ಚೌಳು ಮಣ್ಣನ್ನೇ ಬಳಸುತ್ತಿದ್ದರು. ಬಟ್ಟೆಯನ್ನು ಅದರ ನೀರಲ್ಲಿ ನೆನೆಸಿ ಉಬ್ಬೆ ಹಾಕಿದರೆ, ಎಂದರೆ ಆವಿಯಲ್ಲಿ ಬೇಯಿಸಿದರೆ, ಕೊಳೆ ಬಿಡುತ್ತದೆ. ಇವನು ಹಲವು ವರ್ಷಗಳಿಂದ ಬೆಳಗಿನ ಜಾವ ಕತ್ತೆ ಹೊಡೆದುಕೊಂಡು ಬಂದು, ಅಜ್ಜಿಯ ಗದ್ದೆಯ ಪುಡಿಯನ್ನು ಕೆರೆದು, ಯಾರೂ ನೋಡದಂತೆ ಹೋಗುತ್ತಿದ್ದ. ಅಜ್ಜಿ ದಿನಾ ನೋಡುತ್ತಿದ್ದರು.

ನಾವು ಜಿಪ್ಸಂ ಹಾಕುತ್ತೇವೆ ಎಂದು ತಿಳಿದಾಗ ಅವನು ಬಂದು ನನ್ನ ಮುಂದೆ ಕೈಮುಗಿದ. ಜಿಪ್ಸಂ ಎಂದರೆ ಸುಣ್ಣದ ಹಾಗೆ ಕಾಣುವ ಒಂದು ಪುಡಿ. ಅದನ್ನು ಬೆರೆಸಿ ನೀರು ಕಟ್ಟಿದರೆ ಸೋಡಿಯಂ ಮಣ್ಣನ್ನು ಬಿಟ್ಟು ನೀರಿಗೆ ಬರುತ್ತದೆ, ಆ ನೀರನ್ನು ಹೊರಗೆ ಬಿಡಬೇಕು.

"ಸಾರ್, ಈ ನೆಲಾನ ಕೆಡಿಸ್ಬೇಡಿ."

"ಕೆಡಿಸ್ತಿಲ್ಲಪ್ಪ, ರಿಪೇರಿ ಮಾಡ್ತಿದ್ದೀವಿ."

"ಅದೇ ಸಾರ್ ಕೆಡಿಸೋದು. ನಿಮ್ಮ ಷರಟು ಬೆಳ್ಳಗಿರೋದೇ ಈ ನೆಲದಿಂದ. ಅದು ಯಾರು ಒಗೆದಿದ್ದು ಅಂದ್ಕೊಂಡ್ರಿ? ನಮ್ಮಣ್ಣನೇ!"

ನೋಡಿಕೊಂಡೆ. ಷರಟು ನಿಜವಾಗಿಯೂ ಬೆಳ್ಳಗಿತ್ತು. ಸಾಹೇಬರನ್ನು ಕೇಳಿದೆ. ಅವರು, "ಮೇಲಿನ ಪುಡಿ ಕೆರೆದು ತೆಗೆದಷ್ಟೂ ನೆಲಕ್ಕೆ ಒಳ್ಳೇದು. ಬೇಕಾದಷ್ಟು ಒಯ್ಯಲು ಹೇಳಿ," ಎಂದರು. ಅಜ್ಜಿಯೂ ಒಪ್ಪಿದರು. ನಾನು ಓಡಿಹೋಗಿ ಸಂತೋಷದ ಸುದ್ದಿ ಹೇಳಿದೆ: "ಇನ್ಮೇಲೆ ಕದಿಯೋದು ಬೇಡ. ಹಗಲೇ ಬಂದು ಎಷ್ಟು ಬೇಕೋ ಅಷ್ಟು ತಗೋ. ಪೂರಾ ತಗೊಂಡು ಹೋದ್ರೆ ಇನ್ನೂ ಒಳ್ಳೇದು."

ಅಗಸ ನನ್ನನ್ನು ನೋಡಿದ, ಪುಡಿಯನ್ನು ನೋಡಿದ, ಕತ್ತೆಯನ್ನು ನೋಡಿದ. ಮಾರನೆಯ ದಿನದಿಂದ ಬರಲೇ ಇಲ್ಲ. ಅವನಣ್ಣನನ್ನು ಕೇಳಿದರೆ ಹೇಳಿದ: "ಅಷ್ಟು ವರ್ಷ ಕದ್ದಾಗ ಚೆನ್ನಾಗಿತ್ತು ಸಾರ್. ಸರ್ಕಾರದವರೇ ಕರೆದು ಪುಕ್ಕಟೆ ಕೊಡ್ತಾರೆ ಅಂದ್ಮೇಲೆ ಆ ಮಣ್ಣಲ್ಲಿ ಏನೋ ಇದೆ!"

ಕೊನೆಗೆ ಪುಡಿ ಕೆರೆದದ್ದು ನಾನು ಮತ್ತು ಅಜ್ಜಿ. ಕೆರೆಯುತ್ತ ಅಜ್ಜಿ ತಮ್ಮ ಅಕ್ಕಿಯ ವಿಷಯ ಹೇಳುತ್ತಿದ್ದರು. ರಸೆಲ್ ಮಾರುಕಟ್ಟೆಗೆ ಹೋದಾಗಲೆಲ್ಲ ಪಕ್ಕದ ಬೀದಿಯ ಅಂಗಡಿಗಳಲ್ಲಿ ಒಂದೊಂದು ಮೂಟೆಯಿಂದಲೂ ಅಕ್ಕಿ ಹಿಡಿದು ಮೂಸುತ್ತಿದ್ದರಂತೆ, ಎಲ್ಲಾದರೂ ಆ ಪರಿಮಳ ಸಿಗುತ್ತದೋ ಎಂದು. ಒಬ್ಬ ಸಾಬರು, "ಅಮ್ಮಾ, ನಮ್ದೂಕೆ ಅಂಗಡೀಲಿ ಅಕ್ಕಿ ತಿನ್ನೋದಕ್ಕೆ ಮಾತ್ರ. ಮೂಸೋದಕ್ಕೆ ಅತ್ತರ್ ಅಂಗಡಿ ಆ ಕಡೆ," ಎಂದರಂತೆ. ಹೇಳಿ ಅಜ್ಜಿ ನಕ್ಕರು. ಆಮೇಲೆ ಅಂಗೈಯಲ್ಲಿದ್ದ ಬಿಳಿ ಪುಡಿಯನ್ನೇ ಒಮ್ಮೆ ಮೂಸಿ ನೋಡಿ ಬುಟ್ಟಿಗೆ ಹಾಕಿದರು. ಎಂದೂ ಮೂಸದ ಆ ಅಕ್ಕಿಗಾಗಿ ನನಗೂ ಆಸೆ ಹುಟ್ಟಿದ್ದು ಆ ಹೊತ್ತಿನಲ್ಲೇ.

4. ಫಿಟ್ಟರನ ಕಾಲುವೆ

ಜಿಪ್ಸಂ ಹಾಕಿಯಾಯಿತು. ಮಳೆ ಬಂದು ಗದ್ದೆಯಲ್ಲಿ ನೀರು ನಿಂತಿತು. ಆ ನೀರು ಹೊರಗೆ ಹೋಗಲು ಬಸಿಗಾಲುವೆ ಬೇಕು. ಮಗ, "ಪಂದ್ಯ ಪಂದ್ಯಾನೇ, ಆದ್ರೆ ಕಾಲುವೆ ನಾನೇ ತೋಡ್ತೀನಿ. ಈ ಕೂಲಿಯೋರಿಗೆ ಪ್ರಿಸಿಷನ್ ಗೊತ್ತಿಲ್ಲ," ಎಂದ. ಸ್ಪಿರಿಟ್ ಲೆವೆಲ್ ತಂದ. ಅದು ಒಂದು ಪಟ್ಟಿ, ನಡುವೆ ಗಾಜಿನ ಕೊಳವೆ, ಅದರೊಳಗೊಂದು ಗುಳ್ಳೆ. ಪಟ್ಟಿ ಸಮವಾಗಿದ್ದರೆ ಗುಳ್ಳೆ ಸರಿಯಾಗಿ ಮಧ್ಯಕ್ಕೆ ಬರುತ್ತದೆ.

ಎರಡು ಭಾನುವಾರ ತೋಡಿದ. ಅಡಿ ಅಡಿಗೂ ಪಟ್ಟಿ ಇಟ್ಟು, ಮಂಡಿಯೂರಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಗುಳ್ಳೆ ಕೂದಲೆಳೆಯಷ್ಟು ಆಚೀಚೆ ಇದ್ದರೂ ಮತ್ತೆ ಕೆರೆಯುತ್ತಿದ್ದ. ಕಾಲುವೆ ನಿಜವಾಗಿಯೂ ನೋಡುವ ಹಾಗಿತ್ತು. ಬದು ಕಡಿದು ನೀರು ಬಿಟ್ಟೆವು. ನೀರು ಕಾಲುವೆ ತುಂಬ ಬಂತು. ಬಂದು ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

"ಯಾಕ್ ಸಾರ್ ಹೋಗ್ತಿಲ್ಲ?"

ನಾನು ಹೆದರುತ್ತಲೇ ಹೇಳಿದೆ: "ನೀರು ಹರೀಬೇಕಾದ್ರೆ ಸ್ವಲ್ಪ ಇಳಿಜಾರು ಇರಬೇಕಲ್ವಾ?"

"ಇಳಿಜಾರಾ? ಇಷ್ಟು ಉದ್ದದಲ್ಲಿ ಎಲ್ಲಾದ್ರೂ ಇಳಿಜಾರು ತೋರಿಸಿ ನೋಡೋಣ! ನಮ್ಮ ಶಾಪಲ್ಲೇ ಇಷ್ಟು ಲೆವೆಲ್ ಕೆಲಸ ಯಾರೂ ಮಾಡಿಲ್ಲ."

ಅಜ್ಜಿ ಬದುವಿನ ಮೇಲೆ ಕೂತಿದ್ದವರು ಹೇಳಿದರು: "ಅದಕ್ಕೇ ಕಣೋ, ನೀರೂ ನಿಂತ್ಕೊಂಡು ನಿನ್ನ ಕೆಲಸಾನೇ ನೋಡ್ತಿದೆ."

5. ಊಟ

ಕಾಲುವೆಯನ್ನು ಕೂಲಿಯವರು ಮತ್ತೆ ತೋಡಿದರು, ಬರಿಗಣ್ಣಿನ ಅಂದಾಜಿನಲ್ಲಿ. ನೀರು ಹೋಯಿತು. ಎರಡು ಸಲ ನೀರು ಕಟ್ಟಿ ಎರಡು ಸಲ ಬಿಟ್ಟ ಮೇಲೆ ಅಜ್ಜಿ ಪೈರು ನೆಟ್ಟರು. ನಿಜ ಹೇಳಬೇಕೆಂದರೆ ಚೌಳು ನೆಲ ಒಂದೇ ವರ್ಷದಲ್ಲಿ ಸರಿಹೋಗುವುದಿಲ್ಲ. ಗದ್ದೆಯ ಬಹುಪಾಲು ಪೈರು ಹಳದಿಯಾಗಿ ಸತ್ತಿತು. ಕಾಲುವೆಯ ಪಕ್ಕದ ಒಂದು ಮೂಲೆ ಮಾತ್ರ ಹಸುರಾಗಿ ಉಳಿದು ತೆನೆ ಕಟ್ಟಿತು. ಆ ಮೂಲೆಯ ಅಕ್ಕಿ ಒಂದು ಪಾತ್ರೆಗೆ ಆಗುವಷ್ಟು. ಮನೆಯಲ್ಲಿ ಮಕ್ಕಳೂ ಸೇರಿ ಒಂಬತ್ತು ಜನ. ಸಾಕ್ಷಿಯಾದ ನಾನು ಹತ್ತನೆಯವನು.

ಆ ಮಧ್ಯಾಹ್ನ ನಾನು ಜಗಲಿಯ ಮೇಲೆ ಕೂತಿದ್ದೆ. ಒಳಗೆ ಅನ್ನ ಕುದಿಯತೊಡಗಿದಾಗ ಪರಿಮಳ ಬಂತು. ಅದನ್ನು ಹೇಗೆ ಬರೆಯುವುದೋ ನನಗೆ ತಿಳಿಯದು. ಆವರೆಗೆ ನಾನು ಉಂಡದ್ದು ರೇಷನ್ ಅಕ್ಕಿ, ಅದರಲ್ಲಿ ಹುಡುಕುತ್ತಿದ್ದದ್ದು ಕಲ್ಲು. ಇಂದಿಗೂ ಯಾರದಾದರೂ ಮನೆಯಲ್ಲಿ ಅನ್ನ ಬೇಯುತ್ತಿದ್ದರೆ ಒಂದು ಕ್ಷಣ ನಿಲ್ಲುತ್ತೇನೆ. ಅದು ಇದಾಗಿರುವುದಿಲ್ಲ.

"ಅದೇನಾ ಅಜ್ಜಿ?" ಎಂದು ಕೇಳಿದೆ.

ಅಜ್ಜಿ ಒಲೆಯ ಮುಂದೆ ಕಣ್ಣು ಮುಚ್ಚಿ ನಿಂತಿದ್ದರು. "ಅದೇ. ಸ್ವಲ್ಪ ಕೋಪ ಮಾಡ್ಕೊಂಡಿದೆ. ಇಷ್ಟು ವರ್ಷ ಆಯ್ತಲ್ಲ."

ಸಾಲಾಗಿ ಎಲೆ ಹಾಕಿದರು. ಎಂಟು ಜನರೂ ತೃಪ್ತಿಯಾಗಿ ಉಂಡೆವು. ನಾನು ಸಾಕ್ಷಿ ಎಂಬುದನ್ನು ಮರೆತು ಎರಡನೆಯ ಸಲವೂ ಹಾಕಿಸಿಕೊಂಡೆ, ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಉಳಿದವರು ಅಜ್ಜಿ ಮತ್ತು ಮಗ. ಮಗ ಎದ್ದು ಪಾತ್ರೆಯೊಳಗೆ ಬಗ್ಗಿ ನೋಡಿದ. ನಾನೂ ನೋಡಿದೆ. ಒಬ್ಬರಿಗಾಗುವಷ್ಟೇ ಇತ್ತು. ಪಂದ್ಯ ಅವನು ಗೆದ್ದ ಹಾಗೆಯೇ.

ಅವನು ಅಮ್ಮನ ಖಾಲಿ ಎಲೆ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡ.

"ಅಮ್ಮ, ನನಗೆ ಹೊಟ್ಟೆನೋವು. ಹಸಿವೇ ಇಲ್ಲ. ಹಸಿದವರು ಅಂತ ತಾನೇ ಪಂದ್ಯ? ನನ್ನ ಬಿಟ್ಬಿಡು."

"ನೋವು ಜೋರಾ?"

"ಜೋರು."

"ಹಾಗಾದ್ರೆ ಹರಳೆಣ್ಣೆ ತರ್ತೀನಿ ಇರು," ಎಂದು ಅಜ್ಜಿ ಸೀಸೆ ತಂದೇಬಿಟ್ಟರು. ಜೊತೆಗೆ ಹಿಟ್ಟು ಕಲಸುವ ದೊಡ್ಡ ಸೌಟು.

ಮಗನ ಮುಖ ಸಣ್ಣಗಾಯಿತು. "ಅಮ್ಮ, ಈಗ ಸ್ವಲ್ಪ ಕಮ್ಮಿ ಆಯ್ತು."

"ಕಮ್ಮಿ ಆಯ್ತಾ? ಒಳ್ಳೇದಾಯ್ತು. ಎಲೆ ಮುಂದೆ ಕೂತ್ಕೋ, ಬಡಿಸ್ತೀನಿ."

ಅವನು ಪಾತ್ರೆ ನೋಡಿದ, ಸೌಟು ನೋಡಿದ, ನನ್ನನ್ನು ನೋಡಿದ. ನಾನು ಸಾಕ್ಷಿ, ಬಾಯಿ ಬಿಡುವ ಹಾಗಿರಲಿಲ್ಲ.

"ಇಲ್ಲಮ್ಮ, ಮತ್ತೆ ಜೋರಾಯ್ತು," ಎಂದು ಮೂಗು ಹಿಡಿದು ಸೌಟಿನ ತುಂಬ ಎಣ್ಣೆ ಕುಡಿದುಬಿಟ್ಟ.

ಅಜ್ಜಿ ಕೂತರು. ಉಳಿದ ಅನ್ನವನ್ನೆಲ್ಲ ಬಡಿಸಿಕೊಂಡು, ಒಂದೊಂದು ತುತ್ತನ್ನೂ ಮೂಗಿನ ಹತ್ತಿರ ತಂದು, ನಿಧಾನವಾಗಿ ಉಂಡರು. ಕೊನೆಯ ಅಗುಳೂ ಮುಗಿದ ಮೇಲೆ ಕೈ ತೊಳೆದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಆಗಲೇ ಹಿತ್ತಲ ಕಡೆ ಓಡುತ್ತಿದ್ದ ಮಗನಿಗೆ ಕೂಗಿ ಹೇಳಿದರು:

"ಮುಂದಿನ ವರ್ಷ ಗದ್ದೆ ಪೂರ್ತಿ ಬೆಳೆಯೋ ಹಾಗೆ ಮಾಡೋ ಮಗಾ! ಇಲ್ದಿದ್ರೆ ಹೀಗೆ ವರ್ಷಾ ವರ್ಷಾ ಹರಳೆಣ್ಣೆ ಕುಡಿದು ನೀನು ಉಳಿಯಲ್ಲ!"